ದೊಡ್ಡವರ ಹನ್ನೊಂದು ನಿಮಿಷ

ಇತಿಹಾಸ ಬರೆಯಲು ಬಂದ ಪ್ರೊಫೆಸರರು ಮೊದಲ ಪ್ರಶ್ನೆ ಕೇಳುವ ಮುಂಚೆಯೇ ಅಂಗಾತ ಮಲಗಿದರು. ತಪ್ಪು ಕ್ಷೌರದಂಗಡಿಯ ಯಜಮಾನರದು. ಅಂಗಡಿಯಲ್ಲಿದ್ದ ಒಂದೇ ಒಂದು ಒಳ್ಳೆಯ ಕುರ್ಚಿಯಲ್ಲಿ ಅತಿಥಿಯನ್ನು ಕೂರಿಸಿದ್ದರು. ಐವತ್ತು ವರ್ಷದ ಅಭ್ಯಾಸ, ಕಾಲು ತಾನಾಗಿ ಪೆಡಲ್ ಒತ್ತಿಬಿಟ್ಟಿತು. ಕುರ್ಚಿಯ ಬೆನ್ನು ಹಿಂದಕ್ಕೆ ವಾಲಿತು, ಪ್ರೊಫೆಸರರು ಸೂರು ನೋಡಿದರು, ರೆಕಾರ್ಡರು ಸೋಪಿನ ಬಟ್ಟಲಿಗೆ ಬಿತ್ತು.

"ಅಯ್ಯಯ್ಯೋ, ಕ್ಷಮಿಸಿ ಸಾರ್! ಕುತ್ತಿಗೆ ಕಂಡ್ರೆ ಈ ಕಾಲು ಸುಮ್ನಿರಲ್ಲ."

"ಏನಪ್ಪಾ, ಬಂದವರನ್ನೆಲ್ಲ ಮಲಗಿಸ್ಬಿಡ್ತೀಯಲ್ಲ!" ಎಂದರು ಯಜಮಾನರ ಅತ್ತಿಗೆ. ಮನೆಗೂ ಅಂಗಡಿಗೂ ನಡುವಿನ ಬಾಗಿಲಲ್ಲಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದರು.

ಯಜಮಾನರು ನಗಲಿಲ್ಲ. ಕುರ್ಚಿ ನೆಟ್ಟಗೆ ಮಾಡಿ, ರೆಕಾರ್ಡರನ್ನು ಒರೆಸುತ್ತಾ, "ಮೌಖಿಕ ಇತಿಹಾಸ ಅಂದ್ರೆ ಮುಖದ ಇತಿಹಾಸ ತಾನೇ ಸಾರ್? ಹಾಗಾದ್ರೆ ಕೇಳಿ" ಎಂದರು.

ಹತ್ತೊಂಬತ್ತು ವರ್ಷ ಪ್ರತಿ ಬೆಳಿಗ್ಗೆ ಅವರು ದೊಡ್ಡವರ ಬಂಗಲೆಗೆ ಕ್ಷೌರಕ್ಕೆ ಹೋದವರು. ದೇಶ ಆಳಿದ ಆ ದೊಡ್ಡವರ ಮೂಗು ಹಿಡಿದು ಬೇಕಾದ ಕಡೆ ತಿರುಗಿಸಿದವರು ಇವರೊಬ್ಬರೇ. ಇವರದೊಂದು ಕಟ್ಟುನಿಟ್ಟಿನ ನಿಯಮವಿತ್ತು: ಕತ್ತಿ ಗಂಟಲ ಮೇಲಿರುವಾಗ ಗಿರಾಕಿಯನ್ನು ಯಾರೂ ಮಾತಾಡಿಸಕೂಡದು. ಇವರು ಎಡಗೈ ಎತ್ತಿದರೆ ಮಂತ್ರಿಯೂ ಹೊಸ್ತಿಲಲ್ಲೇ ನಿಲ್ಲಬೇಕು.

ಪ್ರೊಫೆಸರರಿಗೆ ಬೇಕಿದ್ದದ್ದು ಒಂದೇ ಒಂದು ಬೆಳಿಗ್ಗೆ. ಮಿಲ್ಲಿನ ಗೇಟಿನ ಮುಂದೆ ಮುಷ್ಕರದ ಜನ, ಎದುರಿಗೆ ಸಿಪಾಯಿಗಳು. ಸಿಪಾಯಿಗಳನ್ನು ವಾಪಸ್ ಕರೆಸುವ ಆದೇಶಕ್ಕೆ ರುಜು ಬೇಕಿತ್ತು. ದೊಡ್ಡವರು ಹನ್ನೊಂದು ನಿಮಿಷ ಮೌನವಾಗಿ ಯೋಚಿಸಿ ರುಜು ಹಾಕಿದರೆಂದು ಶಾಲೆಯ ಪುಸ್ತಕದಲ್ಲೂ ಇದೆ. ಅಷ್ಟರಲ್ಲಿ ಗುಂಡು ಹಾರಿಯಾಗಿತ್ತು. ಸತ್ತ ಒಂಬತ್ತು ಮಂದಿಯಲ್ಲಿ ಯಜಮಾನರ ಅಣ್ಣನೂ ಒಬ್ಬ.

ಅತ್ತಿಗೆ ಮೂವತ್ತನಾಲ್ಕು ವರ್ಷ ಆ ಹನ್ನೊಂದು ನಿಮಿಷವನ್ನೇ ನಂಬಿ ಬದುಕಿದ್ದರು. "ಅಷ್ಟಾದ್ರೂ ಸಂಕಟಪಟ್ರಲ್ಲ ಪುಣ್ಯಾತ್ಮ. ನಮ್ಮೋರ ಜೀವ ಅವರಿಗೆ ಹಗುರ ಆಗಿರ್ಲಿಲ್ಲ" ಎನ್ನುತ್ತಿದ್ದರು. ಗಂಡನ ಫೋಟೋ ಪಕ್ಕದಲ್ಲೇ ದೊಡ್ಡವರ ಫೋಟೋ. ಮೈದುನ ಅದನ್ನು ದಿನಾ ನೋಡುತ್ತಿದ್ದರು, ದಿನಾ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

"ಆಗ ಅವರ ಹತ್ರ ಇದ್ದದ್ದು ನೀವೊಬ್ರೇ" ಎಂದರು ಪ್ರೊಫೆಸರರು. "ಆ ಮುಖ ಹೇಗಿತ್ತು, ಯಜಮಾನ್ರೇ?"

ಯಜಮಾನರು ಕತ್ತಿ ಬಿಚ್ಚಿದರು, ಮಡಿಚಿದರು, ಮತ್ತೆ ಬಿಚ್ಚಿದರು. ಬಾಗಿಲಲ್ಲಿ ಸೂಜಿ ನಿಂತಿತು.

"ಹೇಳಪ್ಪಾ" ಎಂದರು ಅತ್ತಿಗೆ. "ನಾನೂ ಕೇಳ್ತೀನಿ."

"ಕಾರ್ಯದರ್ಶಿ ಕಾಗದ ಹಿಡ್ಕೊಂಡು ಓಡಿ ಬಂದ್ರು ಸಾರ್. ಕೈ ಎತ್ತಿ ಹೊಸ್ತಿಲಲ್ಲೇ ನಿಲ್ಸಿದ್ದು ನಾನು." ಅವರ ದನಿ ಇಳಿಯಿತು. "ಅಣ್ಣ ಗೇಟ್ ಹತ್ರ ಇದ್ದ ಅಂತ ನಂಗೆ ಗೊತ್ತಿರ್ಲಿಲ್ಲ ಅತ್ತಿಗೆ. ಕತ್ತಿ ಗಂಟಲ ಮೇಲಿತ್ತು. ಬೆಚ್ಚಿಬಿದ್ರೆ ಗತಿ ಏನು?"

ಪ್ರೊಫೆಸರರು ಮುಂದಕ್ಕೆ ಬಾಗಿದರು. "ಬೆಚ್ಚಿಬೀಳೋ ಅಷ್ಟು ಆಳವಾದ ಯೋಚನೇಲಿದ್ರಾ?"

"ಇಲ್ಲ ಸಾರ್. ಗೊರಕೆ ಹೊಡೀತಿದ್ರು."