ನೀರು ಮುಟ್ಟದ ನಾಯಿ

ಐನಾಪುರದ ಹತ್ತಿರ ನನ್ನ ತಮ್ಮನ ಹೊಲವಿದೆ. ಅಲ್ಲಿ ಕಾವಲಿಗಿದ್ದ ನಾಯಿ ಮರಿ ಹಾಕಿದಾಗ ಎರಡನ್ನು ನಾವು ಸೇಡಂಗೆ ತಂದುಕೊಂಡೆವು. ಒಂದು ಕೆಂಪು, ಒಂದು ಕಪ್ಪು. ನಾವು ಹೆಸರಿಡುವ ಮೊದಲೇ ಓಣಿಯವರು ಕೆಂದು, ಕರಿದು ಎಂದು ಕರೆಯತೊಡಗಿದ್ದರು, ಅದೇ ಉಳಿಯಿತು. ತಮ್ಮ ಆಗಲೇ ಹೇಳಿದ್ದ, "ಅಕ್ಕಾ, ಇವು ಹೊಲದಾಗ ಹಂದಿ ಬೆನ್ನ ಹತ್ತೋ ಜಾತಿ. ಮನ್ಯಾಗ ಸುಮ್ಮ ಕುಂದ್ರಂಗಿಲ್ಲ ನೋಡು." ನಾವು ನಕ್ಕಿದ್ದೆವು. ವರ್ಷ ತುಂಬುವಷ್ಟರಲ್ಲಿ ಅವು ಎದೆಯ ಮೇಲೆ ಕಾಲಿಟ್ಟು ನಿಲ್ಲುವಷ್ಟು ಬೆಳೆದವು.

ನನ್ನ ಗಂಡನಿಗೆ ಮಳಖೇಡದ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ನಾನು ಪಕ್ಕದ ಹಳ್ಳಿಯ ಸಾಲೆಯಲ್ಲಿ ಟೀಚರ್. ಬೆಳಗಾಗುತ್ತಲೇ ಊರ ಹೊರಗಿನ ಹಳೆಯ ಕಲ್ಲಿನ ಖಣಿಯ ಬಯಲಿಗೆ ನಾಯಿಗಳನ್ನು ಒಯ್ಯಬೇಕು. ಹಗ್ಗ ಬಿಚ್ಚಿದರೆ ಎರಡೂ ನೆಲಕ್ಕೆ ಕಾಲು ತಾಗದಂತೆ ಓಡುತ್ತಿದ್ದವು. ನಾನು ಎಷ್ಟೇ ಬೇಸರದಲ್ಲಿ ಎದ್ದಿರಲಿ, ಆ ಓಟ ನೋಡಿದಾಗ ಮೈ ಹಗುರಾಗುತ್ತಿತ್ತು. ಮನೆಗೆ ಬಂದ ಮೇಲೆ ಅಂಗಳಕ್ಕೆ ಹಾಸಿದ ಫರಸಿ ಕಲ್ಲಿನ ಮೇಲೆ ಹೊಟ್ಟೆ ಒತ್ತಿ, ಹಿಂಗಾಲು ಚಾಚಿ, ಕಪ್ಪೆಗಳ ಹಾಗೆ ಮಲಗುತ್ತಿದ್ದವು. ಒಂದು ದಿನ ಓಡಿಸದಿದ್ದರೆ ಮಾತ್ರ ಮುಗಿಯಿತು. ಒಣಹಾಕಿದ ಸೀರೆ ಕೆಳಗೆ ಬೀಳುತ್ತಿತ್ತು, ಚಪ್ಪಲಿ ಒಂಟಿಯಾಗುತ್ತಿತ್ತು, ತುಳಸಿಯ ಬುಡ ಅಗೆದು ಮಣ್ಣೆಲ್ಲ ಅಂಗಳಕ್ಕೆ ಬರುತ್ತಿತ್ತು.

ಪಕ್ಕದ ಮನೆಯಲ್ಲಿ ಆಪಾ ಇದ್ದರು; ಆಪಾ ಎಂದರೆ ಅಕ್ಕ, ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಗಂಡ ತೀರಿಕೊಂಡ ಮೇಲೆ ಮೈದುನನ ಸಂಸಾರದ ಜೊತೆಗಿದ್ದರು. ಹೊಲಿಗೆಯಲ್ಲಿ ಕೈ ಭಾಳ ಚೊಕ್ಕ. ನಮ್ಮಿಬ್ಬರ ಅಂಗಳದ ನಡುವೆ ಫರಸಿ ಕಲ್ಲು ನಿಲ್ಲಿಸಿದ ಎದೆಯೆತ್ತರದ ಬೇಲಿ. ಆ ಕಡೆಯಿಂದ ಮೆಷಿನ್ ಸದ್ದು ನಿಂತಿತೆಂದರೆ ನಾಯಿಗಳು ಬೇಲಿಯ ಹತ್ತಿರ ಹೋಗಿ ಕುಳಿತುಕೊಳ್ಳುತ್ತಿದ್ದವು. ಆಪಾ ಏಳುತ್ತಾರೆ, ರೊಟ್ಟಿಯ ಚೂರು ಬರುತ್ತದೆ ಎಂದು ಅವಕ್ಕೆ ಗೊತ್ತಿತ್ತು.

ದೀಪಾವಳಿ ಕಳೆದ ಮೇಲಿನ ದಿನಗಳು, ಮದುವೆಯ ಹೊಲಿಗೆ ರಾಶಿ ಬಿದ್ದ ಕಾಲ. ಒಂದು ರವಿವಾರ ಆಪಾ ನನ್ನ ಕುಪ್ಪಸ ಕೊಡಲು ಗೇಟು ತೆರೆದು ಬಂದರು. ನಾಯಿಗಳು ಅವರ ಮೇಲೆ ಹಾರಿದವು. ಅದು ದಿನದ ಸಲಿಗೆ. ಅವರ ಕೈಯಲ್ಲಿದ್ದ ರೊಟ್ಟಿ ಕೆಳಗೆ ಬಿತ್ತು. ಎರಡೂ ಒಂದೇ ಚೂರಿಗೆ ಬಾಯಿ ಹಾಕಿದವು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಾದಾಟ ಹತ್ತಿತು. ಆಟದ ಜಗಳ ಅಲ್ಲ. ಕರಿದು ಕೆಂದಿನ ಕಿವಿ ಹಿಡಿದಿತ್ತು. ನಾನು ಒಳಗಿನಿಂದ ಓಡಿ ಬರುವ ಮೊದಲೇ ಆಪಾ ನಡುವೆ ಕೈ ಹಾಕಿಬಿಟ್ಟಿದ್ದರು. ಕೆಂದು ಯಾರ ಕೈ ಎಂದು ನೋಡಲಿಲ್ಲ, ಕಚ್ಚಿತು.

ಬಲಗೈ ಹೆಬ್ಬೆರಳಿನ ಬುಡ. ಹಲ್ಲು ಆಳಕ್ಕೆ ಇಳಿದಿತ್ತು. ನಳದ ಕೆಳಗೆ ಸಾಬೂನು ಹಚ್ಚಿ ತೊಳೆಯುತ್ತಲೇ ಇದ್ದೆ.

"ಬೇಕಂತ ಕಡದಿಲ್ಲ ತಂಗಿ," ಎಂದರು ಆಪಾ. "ಅದಕ್ಕ ನನ್ನ ಕೈ ಅಂತ ತಿಳೀಲಿಲ್ಲ."

ಗಂಡ ಪಾಳಿಯ ಮೇಲಿದ್ದರು. ಆಪಾರ ಮೈದುನನಿಗೆ ಬಾಡಿಗೆಗೆ ಓಡಿಸುವ ಟಂಟಂ ಆಟೋ ಇತ್ತು. ಅದರಲ್ಲೇ ಸರಕಾರಿ ದವಾಖಾನೆಗೆ ಹೋದೆವು. ಅಲ್ಲಿ ಮೊದಲ ಇಂಜೆಕ್ಷನ್ ಕೊಟ್ಟು, ಗಾಯ ಆಳವಾಗಿದೆ, ಗಾಯದ ಸುತ್ತ ಕೊಡುವ ಇನ್ನೊಂದು ಔಷಧಿಗೆ ಕಲಬುರ್ಗಿಗೆ ಹೋಗಿ ಎಂದರು. ಹೋದೆವು. ನಾಯಿಗೆ ಲಸಿಕೆ ಹಾಕಿಸಿದ್ದೀರಾ ಎಂದು ಡಾಕ್ಟರು ಕೇಳಿದರು. ಹಾಕಿಸಿದ್ದೇವೆ ಎಂದೆ. "ಆದ್ರೂ ಹತ್ತ ದಿನ ಕಣ್ಣಾಗಿಟ್ಟು ನೋಡ್ರಿ. ಊಟ ಬಿಟ್ರ, ಜೊಲ್ಲ ಸುರಿಸಿದ್ರ ತಕ್ಷಣ ತಿಳಸ್ರಿ," ಎಂದರು.

ಮೈದುನನೇ ನಮ್ಮನ್ನು ವಾಪಸ್ ಕರೆತಂದ. ಮನೆಯ ಮುಂದೆ ಗಾಡಿ ನಿಲ್ಲಿಸಿ ನನ್ನ ಕಡೆ ತಿರುಗಿದ.

"ಅಕ್ಕೋರೇ, ಆ ನಾಯಿ ಇವತ್ತೇ ಊರ ಹೊರಗ ಬಿಟ್ಟ ಬರ್ರಿ."

"ಬಿಟ್ರ ಅದಕ್ಕ ಏನಾತು ಅಂತ ಹ್ಯಾಂಗ ಗೊತ್ತಾಗ್ತದ? ನೋಡಬೇಕಂತ ಡಾಕ್ಟರೇ ಹೇಳ್ಯಾರಲ್ಲ," ಎಂದೆ.

"ಹಂಗಾರ ಕಟ್ಟಿ ಹಾಕ್ರಿ. ಬಿಚ್ಚಿದ್ದು ನನ್ನ ಕಣ್ಣಿಗಿ ಬಿತ್ತಂದ್ರ ನಾ ನಿಮ್ಮನ್ನ ಕೇಳಂಗಿಲ್ಲ."

ಕಟ್ಟಿದೆವು. ಬೇಲಿಯ ಪಕ್ಕದ ಬೇವಿನ ಮರಕ್ಕೆ ಕಬ್ಬಿಣದ ಸರಪಳಿ. ಬಯಲು ಕಂಡ ನಾಯಿಗೆ ಅದು ಏನೆಂದು ತಿಳಿಯಲೇ ಇಲ್ಲ. ಮೊದಲ ದಿನ ಸರಪಳಿಯನ್ನು ಎಳೆದೆಳೆದು ಕೊರಳು ಕೆಂಪಾಯಿತು. ಆಮೇಲೆ ಅಳತೊಡಗಿತು. ಬೊಗಳುವುದಲ್ಲ, ತೆಳ್ಳಗೆ ಎಳೆಯುವ ಒಂದು ಸ್ವರ, ನಿಲ್ಲದೆ. ಕರಿದನ್ನು ಮನೆಯೊಳಗೆ ಇಟ್ಟಿದ್ದೆವು; ಅದು ಬಾಗಿಲಿನ ಸಂದಿಗೆ ಮೂಗಿಟ್ಟು ಉತ್ತರ ಕೊಡುತ್ತಿತ್ತು. ನಾನು ಸಾಲೆಗೆ ಹೋದರೂ ಆ ಸ್ವರ ಕಿವಿಯಲ್ಲಿ ಇರುತ್ತಿತ್ತು.

ಓಣಿ ಬದಲಾಯಿತು. ಹಾಲಿನವನು ಗೇಟಿನ ಹೊರಗೇ ಹಾಲು ಅಳೆದು ಕೊಟ್ಟು ಹೋಗುತ್ತಿದ್ದ. ನಮ್ಮ ಮನೆ ಬಂತೆಂದರೆ ಹೆಂಗಸರು ಮಕ್ಕಳ ಕೈ ಹಿಡಿದು ಆ ಬದಿಗೆ ಸರಿಯುತ್ತಿದ್ದರು. ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಉತ್ತರವನ್ನಾದರೂ ಕೊಡಬಹುದಿತ್ತು. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಬೇಲಿಯಾಚೆಯ ಮೌನ. ಮೆಷಿನ್ ಸದ್ದಿಲ್ಲ. ಆಪಾ ಕತ್ತರಿ ಹಿಡಿಯುವಂತಿರಲಿಲ್ಲ. ಹೊಲಿಯಲು ಕೊಟ್ಟಿದ್ದ ಬಟ್ಟೆಯ ಗಂಟುಗಳನ್ನು ಒಬ್ಬೊಬ್ಬರೇ ವಾಪಸ್ ಒಯ್ಯುವುದು ನಮ್ಮ ಅಂಗಳದಿಂದ ಕಾಣುತ್ತಿತ್ತು.

ಇಂಜೆಕ್ಷನ್ ದಿನಗಳಲ್ಲಿ ನಾನೇ ಜೊತೆಗೆ ಹೋಗುತ್ತಿದ್ದೆ. ಆಪಾ ದವಾಖಾನೆಯ ಬೆಂಚಿನ ಮೇಲೆ ಕುಳಿತು ಕೈಯ ಪಟ್ಟಿ ನೋಡಿಕೊಳ್ಳುತ್ತ ಒಂದೇ ಮಾತು ಕೇಳುತ್ತಿದ್ದರು: "ಅದು ತಿನ್ಲಕತ್ತದೇನು?" ಅವರು ತಮ್ಮ ಜೀವದ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡು ನಾನು, "ಬರೋಬರಿ ತಿನ್ಲಕತ್ತದ ಆಪಾ, ಫಿಕರ್ ಮಾಡಬ್ಯಾಡ್ರಿ," ಎನ್ನುತ್ತಿದ್ದೆ.

ಗಡುವು ಮುಗಿಯಲು ಸ್ವಲ್ಪವೇ ಉಳಿದಿದ್ದಾಗ ಒಂದು ಬೆಳಿಗ್ಗೆ ನೋಡಿದರೆ ಹಿಂದಿನ ದಿನದ ಅನ್ನ ಹಾಗೇ ಇತ್ತು. ಇರುವೆ ಮುತ್ತಿದ್ದವು. ಕೆಂದು ಎದ್ದು ನಿಂತಿತ್ತು, ಬಾಲ ಅಲ್ಲಾಡಿಸಿತು, ಆದರೆ ಬಾಯಿ ಪೂರ್ತಿ ಮುಚ್ಚಿರಲಿಲ್ಲ. ಕೆಳದವಡೆಯಿಂದ ಜೊಲ್ಲು ಎಳೆಯಾಗಿ ಕಲ್ಲಿನ ಮೇಲೆ ಇಳಿಯುತ್ತಿತ್ತು. ನೀರಿನ ಬೋಗುಣಿ ತುಂಬಿ, ಕೋಲಿನಿಂದ ಮುಂದೆ ತಳ್ಳಿದೆ. ಅದು ಬಗ್ಗಿತು. ಮೂತಿ ನೀರಿಗೆ ತಾಗಿತು, ಅಷ್ಟೆ, ಕುಂಯ್ ಎಂದು ಹಿಂದೆ ಸರಿಯಿತು.

ಗಂಡ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಗೇಟು ತೆರೆದಿದ್ದರು. "ನೀರು ಮುಟ್ಟಲಿಲ್ಲ," ಎಂದೆ. ಅವರು ಚೀಲವನ್ನು ಕೆಳಗಿಟ್ಟು ನಾಯಿಯನ್ನು ದೂರದಿಂದ ನೋಡಿದರು. ಅದು ಸರಪಳಿಯ ತುದಿಯವರೆಗೆ ಬಂದು, ದಿನವೂ ಮಾಡುವ ಹಾಗೆ ತಲೆ ತಗ್ಗಿಸಿ, ಸವರಲೆಂದು ನಿಂತಿತು. ನಾವಿಬ್ಬರೂ ಹೋಗಲಿಲ್ಲ. ಅದು ಅಲ್ಲೇ ನಿಂತಿತ್ತು.

ದನದ ದವಾಖಾನೆಯ ಡಾಕ್ಟರಿಗೆ ಫೋನ್ ಮಾಡಿದ ಮೇಲೆ ಗಂಡ ಹೇಳಿದರು, "ಆಪಾಗ ಹೇಳಿ ಬಾ."

"ಮೊದಲ ಡಾಕ್ಟರ್ ನೋಡ್ಲಿ ರೀ. ಸುಮ್ಮ ಅಂಜಸೋದು ಯಾಕ?"

"ಇಲ್ಲ. ಅವರ ಮೈಯಾಗ ಹೋಗ್ಯಾದ ಅದರ ಹಲ್ಲು. ನಮಗ ಗೊತ್ತಾದದ್ದು ಅವರಿಗೂ ಈಗೇ ಗೊತ್ತಾಗಬೇಕು."

ನಾಲ್ಕು ಹೆಜ್ಜೆಯ ದಾರಿ. ಆಪಾ ಅಡುಗೆಮನೆಯಲ್ಲಿದ್ದರು, ಮೈದುನ ಚಹಾ ಕುಡಿಯುತ್ತಿದ್ದ. ನಾನು ಹೇಳಿದೆ: ಊಟ ಬಿಟ್ಟಿದೆ, ಜೊಲ್ಲು ಸುರಿಯುತ್ತಿದೆ, ನೀರು ಕುಡಿಯುತ್ತಿಲ್ಲ, ಡಾಕ್ಟರು ಬರುತ್ತಿದ್ದಾರೆ. ಆಪಾರ ಮುಖದ ಬಣ್ಣ ಇಳಿಯಿತು. ಕಟ್ಟಿದ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. ಮೈದುನ ಕಪ್ಪು ಇಟ್ಟು ಎದ್ದ. ಟಂಟಂ ಸೀಟಿನ ಕೆಳಗಿದ್ದ ಕಬ್ಬಿಣದ ರಾಡು ತೆಗೆದುಕೊಂಡು ನಮ್ಮ ಗೇಟಿನ ಕಡೆ ನಡೆದ. ನಾನು ಹಿಂದೆ ಓಡಿದೆ.

ಗಂಡ ಗೇಟಿಗೆ ಅಡ್ಡ ನಿಂತಿದ್ದರು.

"ಸರೀರಿ ಸರ್. ನಮ್ಮ ಭಾಬಿ ಜೀವಕ್ಕ ಬಂದದ."

"ಖರೆ ಅದ. ನೀ ಹೊಡಿ, ನಾ ಬ್ಯಾಡನ್ನಂಗಿಲ್ಲ. ಆದ್ರ ತಲಿ ಒಡದು ಮಿದುಳು ಕೆಟ್ರ, ಅದಕ್ಕ ಹುಚ್ಚ ಇತ್ತೋ ಇಲ್ಲೋ ಅಂತ ಯಾವ ಡಾಕ್ಟರಿಗೂ ಹೇಳಲಿಕ್ಕೆ ಬರಂಗಿಲ್ಲ. ನಿಮ್ಮ ಭಾಬಿಗೇ ನುಕಸಾನ. ಡಾಕ್ಟರ್ ಬರೋ ತನಕ ತಡಿ."

ಮೈದುನ ರಾಡು ಕೆಳಗಿಡಲಿಲ್ಲ, ಮುಂದೆಯೂ ಬರಲಿಲ್ಲ. ಓಣಿಯ ಬಾಗಿಲುಗಳಲ್ಲಿ ಜನ ನಿಂತರು. ಒಳಗೆ ಕರಿದು ಬಾಗಿಲು ಕೆರೆಯುತ್ತಿತ್ತು. ಆಪಾ ಬೇಲಿಯಾಚೆ ಬಂದು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ನಾನು ಅವರನ್ನು ನೋಡಲಾರದೆ ನೆಲ ನೋಡಿದೆ.

ಡಾಕ್ಟರು ಮೋಟರ್ ಸೈಕಲ್ ಮೇಲೆ ಬಂದರು. ಬಂದವರು ನಾಯಿಯ ಹತ್ತಿರ ಹೋಗಲಿಲ್ಲ. ದೂರ ನಿಂತು ತುಂಬ ಹೊತ್ತು ನೋಡಿದರು. ಕೆಂದು ಒಮ್ಮೆ ಕುಳಿತು, ಮುಂಗಾಲಿನಿಂದ ತನ್ನ ಕೆನ್ನೆಯನ್ನು ಕೆರೆದುಕೊಂಡಿತು. ಮತ್ತೆ ಕೆರೆದುಕೊಂಡಿತು.

"ಇದು ಯಾವಾಗಿಂದ?" ಎಂದರು.

"ಇವತ್ತೇ ನೋಡಿದ್ದು," ಎಂದೆ. "ಹುಚ್ಚಿನ ರೋಗ ಏನ್ರಿ?"

"ಈಗೇ ಏನೂ ಹೇಳಂಗಿಲ್ಲ. ಆ ರೋಗದಾಗೂ ದವಡಿ ಜೋತ ಬೀಳ್ತದ. ಕಾಲು ಗಟ್ಟಿ ಅವ, ಗುರ್ತ ಹಿಡೀಲಕತ್ತದ, ದನಿ ಬದಲಾಗಿಲ್ಲ. ಬಾಯಿ ನೋಡಬೇಕು. ಯಾರೂ ಕೈ ಹಾಕಬ್ಯಾಡ್ರಿ."

ಗಂಡ ಸರಪಳಿಯನ್ನು ಮರದಿಂದ ಬಿಚ್ಚಿ ಗೇಟಿನ ಸರಳುಗಳ ನಡುವಿನಿಂದ ಹೊರಗೆ ತಂದರು. ಹೊರಗಿನಿಂದ ಎಳೆದಾಗ ನಾಯಿಯ ಕೊರಳು ಸರಳಿಗೆ ಅಂಟಿ ನಿಂತಿತು. ಎಳೆಯುವಾಗ ಸರಪಳಿ ಒಮ್ಮೆ ಅವರ ಕೈಯಲ್ಲಿ ಜಾರಿತು; ಮೈದುನ ರಾಡನ್ನು ಬಿಟ್ಟು ತಾನೂ ಸರಪಳಿ ಹಿಡಿದ. ಡಾಕ್ಟರು ಎರಡೆರಡು ಕೈಗವಸು ಹಾಕಿಕೊಂಡು ಹಿಂದಿನಿಂದ ಹೋಗಿ ತೊಡೆಗೆ ಮಂಪರಿನ ಇಂಜೆಕ್ಷನ್ ಚುಚ್ಚಿದರು. ಕೆಂದು ನರಳಿತು. ಆಮೇಲೆ ಅದರ ಕಾಲುಗಳು ಒಂದೊಂದಾಗಿ ಸಡಿಲಾದವು. ಅದು ಫರಸಿಯ ಮೇಲೆ ಒರಗಿತು.

ಡಾಕ್ಟರು ಹಲ್ಲಿನ ನಡುವೆ ಕಟ್ಟಿಗೆಯ ತುಂಡು ಸೇರಿಸಿ ಬ್ಯಾಟರಿ ಬಿಟ್ಟರು. ಬಗ್ಗಿದರು. ಇಕ್ಕಳ ಕೇಳಿದರು. ಇಕ್ಕಳ ಒಮ್ಮೆ ಜಾರಿತು, ಮತ್ತೊಮ್ಮೆ ಹಿಡಿದು ತಿರುಗಿಸಿ ಎಳೆದರು. ಏನೋ ಟಕ್ ಎಂದು ಬಂತು. ಅವರು ಅದನ್ನು ಕಲ್ಲಿನ ಮೇಲೆ ಹಾಕಿದರು. ಬೆರಳುದ್ದದ ಎಲುಬು.

"ಅಂಗುಳದಾಗ ಅಡ್ಡ ಸಿಕ್ಕೊಂಡಿತ್ತು. ಈ ದವಡಿ ಹಲ್ಲಿಂದ ಆ ದವಡಿ ಹಲ್ಲಿಗಿ. ಹಿಂಗಿದ್ರ ಬಾಯಿ ಹ್ಯಾಂಗ ಮುಚ್ತದ, ನೀರ ಹ್ಯಾಂಗ ಕುಡೀತದ?"

ಗಂಡ ಕೇಳಿದರು, "ಎಲುಬು ಎಲ್ಲಿಂದ ಬಂತು? ನಾವು ಹಾಕೇ ಇಲ್ಲ."

ಬೇಲಿಯಾಚೆಯಿಂದ ಆಪಾ ಹೇಳಿದರು, "ನಾ ಒಗದದ್ದು."

ಎಲ್ಲರೂ ತಿರುಗಿದೆವು.

"ನೀವು ಸಾಲಿಗಿ ಹೋದ ಮ್ಯಾಲ ಅದು ಮಧ್ಯಾಹ್ನ ಪೂರಾ ಅಳ್ತಿತ್ತು ತಂಗಿ. ನನಗ ಕೇಳ್ಲಿಕ್ಕೆ ಆಗ್ಲಿಲ್ಲ. ದಿನಾ ಏನರ ಒಗೀತಿದ್ದೆ, ಅದಕ್ಕೇ ತಿನ್ಲಕತ್ತದೇನು ಅಂತ ಕೇಳ್ತಿದ್ದೆ. ನಿನ್ನಿ ಮನ್ಯಾಗ ಮಟನ್ ಮಾಡಿದ್ದೆವು, ಎಲುಬು ಉಳದಿತ್ತು. ಎಡಗೈಲೆ ಒಗದೆ."

ಮೈದುನ ಅವರನ್ನೇ ನೋಡುತ್ತಿದ್ದ. "ಭಾಬಿ, ನಿಮಗ ಕಡದದ್ದಕ್ಕ ನೀವೇ ತಿನ್ನಸ್ಲಕತ್ತೀರಿ? ನಾ ಇಲ್ಲಿ ಅದನ್ನ ಹೊಡೀಲಿಕ್ಕೆ ನಿಂತೀನಿ."

"ನಿಮಗ ಹೇಳಿದ್ರ ಬಿಡ್ತಿದ್ರೇನು?" ಎಂದರು ಆಪಾ, ಮತ್ತು ಮೊದಲ ಬಾರಿಗೆ ಅತ್ತರು.

ಮಂಪರು ಇಳಿದ ಮೇಲೆ ಕೆಂದು ತಲೆ ಎತ್ತಿ, ತೂರಾಡುತ್ತ ಹೋಗಿ ಬೋಗುಣಿ ಖಾಲಿ ಮಾಡಿತು. ಆದರೂ ಡಾಕ್ಟರು ಉಳಿದ ದಿನ ಕಟ್ಟಿಯೇ ಇಡಿ, ಆಪಾರ ಇಂಜೆಕ್ಷನ್ ಒಂದೂ ತಪ್ಪಿಸಬೇಡಿ ಎಂದು ಹೇಳಿ ಹೋದರು. ಹಾಗೇ ಮಾಡಿದೆವು. ಗಡುವು ಮುಗಿಯಿತು, ಕೆಂದಿಗೆ ಏನೂ ಆಗಲಿಲ್ಲ, ಆಪಾರಿಗೂ ಏನೂ ಆಗಲಿಲ್ಲ. ಆದರೆ ಹೆಬ್ಬೆರಳು ಮೊದಲಿನ ಹಾಗೆ ಮಡಚುವುದಿಲ್ಲ. ಮೆಷಿನ್ ಮತ್ತೆ ಶುರುವಾಗಿದೆ. ಗುಂಡಿ ಹಚ್ಚುವ ಕೆಲಸವನ್ನು ನಾನು ಸಂಜೆ ಕುಳಿತು ಮಾಡಿಕೊಡುತ್ತೇನೆ. ನನ್ನ ಕೈ ಅಷ್ಟು ಚೊಕ್ಕವಿಲ್ಲ, ಅವರು ಬಿಚ್ಚಿ ಮತ್ತೆ ಹಚ್ಚಿಸುತ್ತಾರೆ.

ಒಂದೇ ವಯಸ್ಸಿನ ಎರಡು ನಾಯಿಗಳಿಗೆ ಈ ಅಂಗಳ ಸಾಲದು, ಇನ್ನೊಮ್ಮೆ ಕಾದಾಡುತ್ತವೆ ಎಂದು ಡಾಕ್ಟರು ಹೇಳಿದ್ದರು. ಒಂದನ್ನು ತಮ್ಮನ ಹೊಲಕ್ಕೆ ಕಳಿಸುವುದೆಂದಾಯಿತು. ಕೆಂದನ್ನೇ ಕಳಿಸಬೇಕೆಂದು ನಾವು ಮಾತಾಡಿಕೊಳ್ಳುತ್ತಿದ್ದಾಗ ಆಪಾ ಬೇಡವೆಂದರು.

"ಕೆಂದು ಇಲ್ಲೇ ಇರ್ಲಿ. ಅದನ್ನ ಕಳಸಿದ್ರ ಅದಕ್ಕ ಹುಚ್ಚ ಇತ್ತು ಅಂತೇ ಮಂದಿ ಅಂತಾರ. ಕರಿದಕ್ಕ ಯಾವ ಹೆಸರೂ ಬಂದಿಲ್ಲ, ಅದು ಹೋಗ್ಲಿ."

ಕರಿದನ್ನು ಐನಾಪುರಕ್ಕೆ ಒಯ್ದದ್ದು ಮೈದುನನ ಟಂಟಂನಲ್ಲೇ. ಬಾಡಿಗೆ ಎಷ್ಟೆಂದು ಕೇಳಿದರೆ ಬೈದ. ಚಿಂಚೋಳಿ ರಸ್ತೆಯುದ್ದಕ್ಕೂ ನಾಯಿ ನನ್ನ ತೊಡೆಯ ಮೇಲೆ ತಲೆಯಿಟ್ಟು ನಡುಗುತ್ತಿತ್ತು. ಹೊಲದ ಬದುವಿನಲ್ಲಿ ಇಳಿಸಿ ಹಗ್ಗ ಬಿಚ್ಚಿದೆ. ಒಂದು ಕ್ಷಣ ಗಾಳಿಯ ವಾಸನೆ ಹಿಡಿಯಿತು, ಆಮೇಲೆ ಹೂಬಿಟ್ಟ ತೊಗರಿಯ ಸಾಲುಗಳ ನಡುವೆ ನುಗ್ಗಿತು. ಎಲ್ಲಿ ಓಡುತ್ತಿದೆ ಎಂಬುದು ತೊಗರಿ ಅಲ್ಲಾಡಿದ್ದರಿಂದ ಮಾತ್ರ ತಿಳಿಯುತ್ತಿತ್ತು.

ನಾನು ಕರೆಯಲೋ ಬೇಡವೋ ಎಂದು ನಿಂತಿದ್ದೆ. ಪಕ್ಕದಲ್ಲಿ ಮೈದುನ ಹೇಳಿದ, "ಕರೀಬ್ಯಾಡ್ರಿ ಅಕ್ಕೋರೇ. ಓಡ್ಲಿ."