ಜರಡಿ ಎಂದು ಹೆಸರಿಟ್ಟವನು

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಯಾರನ್ನೂ ಕರೆಯುವ ರೂಢಿ ಇರಲಿಲ್ಲ. ಕತ್ತರಿಸುವ ಯಂತ್ರದ ಮುಂದೆ ನಿಲ್ಲುತ್ತಿದ್ದ ಈತನಿಗೆ ಕಾಲಜ್ಞಾನಿ ಎಂಬ ಹೆಸರು ಬಿದ್ದಿತ್ತು. ಕಾಲಿನ ಆಟದ ಜ್ಞಾನಿ ಎಂದು ಕೆಲವರು ಅರ್ಥ ಹೇಳಿ ನಗುತ್ತಿದ್ದರು. ಹಾಗೆ ನೋಡಿದರೆ ಆತ ಜನ್ಮದಲ್ಲಿ ಚೆಂಡು ಒದ್ದವನಲ್ಲ. ಒದ್ದದ್ದೆಲ್ಲ ಬಾಗಿಲು, ಬಕೆಟ್ಟು, ಕೆಟ್ಟು ನಿಂತ ಯಂತ್ರ. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಶಾಲೆಗೆ ಹೋದದ್ದಕ್ಕಿಂತ ಶಾಲೆಯ ಗೋಡೆ ಹಾರಿದ್ದೇ ಹೆಚ್ಚು. ಆದರೆ ಊರಿನ ಫುಟ್‌ಬಾಲ್ ತಂಡದ ಮಾತು ಬಂದರೆ ಮ್ಯಾನೇಜರ್ ಕೂಡ ಕನ್ನಡಕ ತೆಗೆದು ಕೇಳುತ್ತಿದ್ದರು.

ವರ್ಷದ ಮೊದಲ ಕೆಲಸದ ದಿನ ಊಟದ ಹೊತ್ತಿಗೆ ಆತ ಕ್ಯಾಂಟೀನಿನ ಬೆಂಚು ಹತ್ತಿ ತಂಡದ ಭವಿಷ್ಯ ಹೇಳಬೇಕು, ಉಳಿದವರು ತಟ್ಟೆ ಹಿಡಿದುಕೊಂಡು ಕೇಳಬೇಕು. ಅದು ನಡೆದುಕೊಂಡು ಬಂದ ಪದ್ಧತಿ. ಆಟಗಾರರಿಗೆ ಅಡ್ಡಹೆಸರು ಇಡುವುದೂ ಆಗಲೇ. ಗೂಳಿ, ಕತ್ತರಿ, ಎಣ್ಣೆಕಾಲು... ಆತ ಇಟ್ಟ ಹೆಸರು ಕ್ಯಾಂಟೀನಿನಿಂದ ಬೀದಿಗೆ, ಬೀದಿಯಿಂದ ಮೈದಾನಕ್ಕೆ ಹೋಗಿ ಅಂಟಿಕೊಳ್ಳುತ್ತಿತ್ತು. ಕಾರ್ಖಾನೆಯ ಅಂಟಿಗಿಂತ ಗಟ್ಟಿ ಎಂದು ಸ್ಟೋರ್‌ನವನು ತಮಾಷೆ ಮಾಡುತ್ತಿದ್ದ.

ಈ ವರ್ಷವೂ ಬೆಂಚು ಹತ್ತಿದ.

"ಕೇಳ್ರಪ್ಪೋ! ಕಪ್ಪು ಈ ಸಲ ನಮ್ಮದೇ. ಗೂಳಿಯನ್ನ ಹಿಡಿಯೋ ಗಂಡು ಇನ್ನೂ ಹುಟ್ಟಿಲ್ಲ. ಆದ್ರೆ ಒಂದು ಗ್ರಹಚಾರ ಇದೆ. ಹಳೇ ಗೋಲ್‌ಕೀಪರ್ ಬಿಟ್ಟುಹೋದ, ಹೊಸಬ ಬಂದಿದಾನೆ. ನೋಡ್ದೆ ನಾನು. ಅವನು ಗೋಲ್‌ಕೀಪರ್ ಅಲ್ಲ ಕಣ್ರೋ, ಜರಡಿ! ಅವನ ಹಿಂದೆ ಬೇರೆ ಬಲೆ ಯಾಕೆ? ಅವನನ್ನೇ ಎರಡು ಕಂಬಕ್ಕೂ ಕಟ್ಟಿ ನೇತುಹಾಕಿದ್ರೆ ಆಯ್ತು!"

ಕ್ಯಾಂಟೀನು ಬಿದ್ದುಬಿದ್ದು ನಕ್ಕಿತು. ಆತ ನೋಡಿದ್ದು ಒಂದೇ ಒಂದು ಅಭ್ಯಾಸದ ಪಂದ್ಯ, ಅದೂ ಅರ್ಧ. ನಗು ಬಂದಮೇಲೆ ಅದನ್ನೆಲ್ಲ ಯಾರು ಕೇಳುತ್ತಾರೆ? ಕೆಳಗಿಳಿದು ತಟ್ಟೆ ಚಾಚಿದಾಗ ಬಡಿಸುವ ಅಕ್ಕ ಎಂದಿನಂತೆ ಒಂದು ಮೊಟ್ಟೆ ಹೆಚ್ಚಿಗೆ ಹಾಕಿದಳು. ಆಕೆ ಕ್ಯಾಂಟೀನಿಗೆ ಸೇರಿ ವರ್ಷವೂ ಆಗಿರಲಿಲ್ಲ. ಕಡಿಮೆ ಮಾತಿನವಳು.

ಪಂದ್ಯಗಳು ಶುರುವಾದವು. ಗೋಲು ಬಿದ್ದಾಗಲೆಲ್ಲ ಮೈದಾನದ ಒಂದು ಬದಿ "ಜರಡಿ! ಜರಡಿ!" ಎಂದು ಕೂಗತೊಡಗಿತು. ತನ್ನ ಮಾತು ಸಾವಿರ ಬಾಯಲ್ಲಿ ಕೇಳಿಸಿದಾಗ ಕಾಲಜ್ಞಾನಿಯ ಎದೆ ಉಬ್ಬಿತು. ಸುಳ್ಳು ಯಾಕೆ, ಆತನೂ ಕೂಗಿದ.

ಒಂದು ದಿನ ಯಂತ್ರದ ಅಲಗು ಬದಲಿಸಲು ಹೊತ್ತು ಹಿಡಿಯುವಂತಿತ್ತು. ಚಹಾ ಕುಡಿಯೋಣವೆಂದು ಆತ ಹೊತ್ತಿಗೆ ಮುಂಚೆಯೇ ಕ್ಯಾಂಟೀನಿಗೆ ಬಂದ. ಅಕ್ಕ ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತು ದಪ್ಪ ಕೈಗವಸಿಗೆ ಹೊಲಿಗೆ ಹಾಕುತ್ತಿದ್ದಳು. ಅದರ ಜೊತೆಯದು ಪಾತ್ರೆಯ ಹಿಡಿಗೆ ನೇತುಬಿದ್ದು ಒಣಗುತ್ತಿತ್ತು.

"ಏನಕ್ಕ, ಬಿಸಿ ಪಾತ್ರೆ ಇಳಿಸೋಕೆ ಇಷ್ಟು ದೊಡ್ಡ ಗವಸಾ?"

"ಅಲ್ಲಣ್ಣ, ಮಗಂದು."

"ಯಾವ ಕೆಲಸ ಮಾಡ್ತಾನೆ ಮಗ?"

ಆಕೆ ದಾರ ಕಡಿದಳು. "ನೀವೇ ಹೆಸರಿಟ್ಟಿದ್ದೀರಲ್ಲಣ್ಣ."

ಕಾಲಜ್ಞಾನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಒಂದೊಂದೇ ನೆನಪಾಯಿತು. ಬೆಂಚಿನ ಮೇಲೆ ನಿಂತು ತಾನು ಅಷ್ಟು ಜೋರಾಗಿ ಕೂಗಿದ್ದು, ಎದುರಿಗೇ ಸೌಟು ಹಿಡಿದು ಈಕೆ ನಿಂತಿದ್ದದ್ದು, ಆಮೇಲೆ ತಾನು ತಟ್ಟೆ ಚಾಚಿದ್ದು. ಮೊಟ್ಟೆ ಬೇರೆ ತಿಂದಿದ್ದ. ಕಿವಿ ಬಿಸಿಯಾಯಿತು. ಚಹಾ ಕುಡಿಯದೆಯೇ ಹೊರಗೆ ಬಂದ.

ಸ್ಟೋರ್‌ನವನನ್ನು ಹಿಡಿದುಕೊಂಡ. "ನಿಂಗೆ ಗೊತ್ತಿತ್ತಾ?"

"ಇಲ್ಲಿ ಎಲ್ಲರಿಗೂ ಗೊತ್ತು."

"ಹೇಳೋಕೆ ಏನಾಗಿತ್ತೋ ದೊಡ್ಡ ರೋಗ?"

"ಹೇಳಿದ್ರೆ ಕೇಳೋ ಜನ್ಮಾನಾ ನಿಂದು? ಮೈಮೇಲೆ ಬರ್ತಿದ್ದೆ."

ಮನೆಯಲ್ಲಿ ಹೆಂಡತಿಗೆ ಹೇಳಿದರೆ ಅವಳೂ ಬಿಡಲಿಲ್ಲ. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಈಗ ಕೂತು ತಲೆ ಕೆರ್ಕೊಂಡ್ರೆ ಏನು ಬಂತು? ಹೋಗಿ ಆ ಹೆಂಗಸಿಗೆ ತಪ್ಪಾಯ್ತು ಅನ್ನಿ."

ತಪ್ಪಾಯ್ತು ಎನ್ನುವುದು ಆತನಿಗೆ ಬಾರದ ವಿದ್ಯೆ. ಅದಕ್ಕೇ ತನಗೆ ಬರುವ ದಾರಿ ಹಿಡಿದ. ಮರುದಿನ ಊಟದ ಹೊತ್ತಿಗೆ ಮತ್ತೆ ಬೆಂಚು ಹತ್ತಿದ.

"ಕೇಳಿ ಎಲ್ಲರೂ! ಇವತ್ತಿಂದ ಆ ಹುಡುಗನ್ನ ಯಾರೂ ಜರಡಿ ಅನ್ನಬಾರದು. ನಾನು ಹೇಳಿದ್ದು ತಪ್ಪು. ಅವನು ಒಳ್ಳೇ ಆಟಗಾರ."

"ಏನ್ ಕಾಲಜ್ಞಾನೀ, ಮೊಟ್ಟೆ ನಿಂತುಹೋಯ್ತಾ?" ಎಂದು ಹಿಂದಿನಿಂದ ಸ್ಟೋರ್‌ನವನು ಕೂಗಿದ.

ಎಲ್ಲರೂ ಗೊಳ್ಳೆಂದರು. ಆತ ಬೆಂಚಿನಿಂದ ಹಾರಿ ಸ್ಟೋರ್‌ನವನ ಕೊರಳಪಟ್ಟಿ ಹಿಡಿದ. ಮೇಜು ಅಲುಗಿ ತಟ್ಟೆಗಳು ಉರುಳಿದವು, ಊಟ ನೆಲದ ತುಂಬ ಹರಡಿತು. ನಾಲ್ಕು ಜನ ಬಂದು ಬಿಡಿಸುವಷ್ಟರಲ್ಲಿ ಅಕ್ಕ ಬಕೆಟ್ಟು, ಬಟ್ಟೆ ತಂದು ಮೊಣಕಾಲೂರಿ ಒರೆಸತೊಡಗಿದ್ದಳು. ಬಟ್ಟೆ ಕಿತ್ತುಕೊಳ್ಳಲು ಹೋದ ಆತನಿಗೆ ತಲೆಯೆತ್ತದೆ ಹೇಳಿದಳು:

"ಬಿಡಿ ಅಣ್ಣ. ನೀವು ಬೈದ್ರೂ ನನಗೇ ಕಷ್ಟ, ಹೊಗಳಿದ್ರೂ ನನಗೇ ಕೆಲಸ."

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಆತ ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಬಾಯಿಂದ ಬಾರದ ಮಾತು ಆಗ ಹೊರಬಿತ್ತು. "ತಪ್ಪಾಯ್ತಕ್ಕ. ಏನು ಮಾಡಲಿ ಹೇಳು."

ಆಕೆ ಬಟ್ಟೆ ಹಿಂಡಿದಳು. "ಆ ಹೆಸರು ಬಂದ ಮೇಲೆ ನಾನು ಮೈದಾನಕ್ಕೆ ಹೋಗಿಲ್ಲ. ಒಬ್ಬಳೇ ಕೂತು ಕೇಳೋಕಾಗಲ್ಲ. ಅವನಿಗೆ ನಾನು ಬರಲಿಲ್ಲ ಅನ್ನೋದೇ ದೊಡ್ಡ ಕೊರಗು. ಭಾನುವಾರ ನನ್ನ ಪಕ್ಕ ಬಂದು ಕೂತ್ಕೊಳ್ತೀರಾ?"

ಅದಕ್ಕಿಂತ ಯಂತ್ರದ ಅಲಗಿನ ಕೆಳಗೆ ಕೈಯಿಡು ಎಂದಿದ್ದರೆ ಸುಲಭವಿತ್ತು. ಆದರೂ ಹೂಂ ಎಂದ.

ಭಾನುವಾರ ಇಬ್ಬರೂ ಮೆಟ್ಟಿಲ ಸಾಲಿನ ನಡುವೆ ಕೂತರು. ಅಕ್ಕ ಒಗೆದು ಮಡಿಸಿದ ಸೀರೆ ಉಟ್ಟು ಬಂದಿದ್ದಳು. ದೂರದ ಕಂಬಗಳ ನಡುವೆ ನಿಂತ ಉದ್ದನೆಯ ಹುಡುಗ ಒಮ್ಮೆ ಇತ್ತ ನೋಡಿದ. ಅಮ್ಮನನ್ನು ಗುರುತಿಸಿದ್ದಿರಬೇಕು, ಕೈಗವಸನ್ನು ಮತ್ತೆ ಬಿಗಿದುಕೊಂಡ. ಈ ಒಂದು ದಿನ ನನ್ನ ಭವಿಷ್ಯ ಸುಳ್ಳಾಗಲಿ ಎಂದು ಕಾಲಜ್ಞಾನಿ ಮನಸ್ಸಿನಲ್ಲೇ ಬೇಡಿಕೊಂಡ. ಅವನ ಬದುಕಿನಲ್ಲಿ ಅಂಥ ಬೇಡಿಕೆ ಇದೇ ಮೊದಲು.

ಹುಡುಗ ಚೆನ್ನಾಗಿಯೇ ಆಡಿದ. ಎರಡು ಚೆಂಡುಗಳನ್ನು ಹಾರಿ ತಳ್ಳಿದ. ಆಗ ಯಾರೂ ಏನೂ ಕೂಗಲಿಲ್ಲ. ಆಮೇಲೆ ಮೆಲ್ಲಗೆ ಉರುಳುತ್ತಾ ಬಂದ ಒಂದು ಚೆಂಡು, ಮಗುವೂ ಹಿಡಿಯುವಂಥದು, ಹುಡುಗನ ಕೈಗಳ ನಡುವೆ ನುಸುಳಿ ಒಳಗೆ ಹೋಯಿತು. ಮೆಟ್ಟಿಲುಗಳೆಲ್ಲ ಎದ್ದು ನಿಂತವು.

"ಜರಡಿ! ಜರಡಿ!"

ಹಿಂದಿನ ಸಾಲಿನವನೊಬ್ಬ ಈತನನ್ನು ಗುರುತಿಸಿ ಬೆನ್ನು ಗುದ್ದಿದ. "ಗುರುವೇ! ನಿನ್ನ ಬಾಯಿಗೆ ಸಕ್ಕರೆ ಹಾಕ! ವರ್ಷದ ಮೊದಲೇ ಹೇಳಿದ್ದೆಯಲ್ಲ! ಏ, ಇಲ್ಲಿದಾನೆ ನೋಡ್ರೋ ಕಾಲಜ್ಞಾನಿ!"

ನಾಲ್ಕಾರು ಜನ ಚಪ್ಪಾಳೆ ತಟ್ಟಿದರು. ಕಾಲಜ್ಞಾನಿ ಮುಷ್ಟಿ ಬಿಗಿದು ಏಳಹೋದ. ಅಕ್ಕ ತೋಳು ಹಿಡಿದು ಕೂರಿಸಿದಳು.

"ಕೂತ್ಕೊಳ್ಳಿ ಅಣ್ಣ. ಎಷ್ಟು ಜನರ ಹತ್ತಿರ ಜಗಳ ಆಡ್ತೀರಿ? ಗಂಟಲು ಅವರದು, ಹೆಸರು ಮಾತ್ರ ನಿಮ್ಮದು."

ಕೂತ. ತಲೆ ತಗ್ಗಿಸಿ ತನ್ನ ಚಪ್ಪಲಿಯನ್ನೇ ನೋಡಿದ. ಆಕೆ ಮಾತ್ರ ತಲೆ ತಗ್ಗಿಸಲಿಲ್ಲ. ಕೂಗು ಮುಗಿಯುವವರೆಗೂ ಕಣ್ಣು ಕೀಳದೆ ಮಗನನ್ನೇ ನೋಡಿದಳು. ಆಮೇಲೆ ಕೇಳಿದಳು: "ಇನ್ನರ್ಧದಲ್ಲಿ ಏನಾಗುತ್ತೆ ಅಣ್ಣ? ನಿಮಗೆ ಗೊತ್ತಾಗುತ್ತಲ್ಲ." ಅದರಲ್ಲಿ ಕುಹಕ ಇರಲಿಲ್ಲ. ತಾಯಿ ಕೇಳುವ ಹಾಗೆ ಕೇಳಿದ್ದಳು.

"ನಂಗೇನೂ ಗೊತ್ತಿಲ್ಲ ಅಕ್ಕ," ಎಂದ.

ತಂಡ ಸೋತಿತು. ಜನ ಕರಗಿದ ಮೇಲೆ ಹುಡುಗ ಚೀಲ ಹೆಗಲಿಗೆ ಹಾಕಿ ಬಂದ. ಅಮ್ಮ ಬಂದದ್ದಕ್ಕೆ ಮುಖ ಅರಳಿತ್ತು, ಆಡಿದ ಆಟಕ್ಕೆ ಬಾಡಿತ್ತು. ಅಕ್ಕ ಪರಿಚಯ ಮಾಡಿಕೊಡುವ ಮೊದಲೇ ಕಾಲಜ್ಞಾನಿ ಹೇಳಿಬಿಟ್ಟ: "ಆ ಹೆಸರು ಇಟ್ಟ ಪಾಪಿ ನಾನೇ ಕಣಪ್ಪ. ಬೈಯೋದಿದ್ರೆ ಬೈದುಬಿಡು."

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಹುಡುಗ ಬೈಯಲಿಲ್ಲ.

"ಗೊತ್ತು ಮಾಮ. ನೀವು ಹೇಳಿದ್ದು ಸುಳ್ಳೇನಲ್ಲವಲ್ಲ, ಇವತ್ತು ಬಿಟ್ಟಿದ್ದನ್ನ ನೀವೇ ನೋಡಿದ್ರಿ. ಕೂಗೋರು ಕೂಗ್ಲಿ. ಅಮ್ಮ ಇರೋ ಕಡೆ ಮಾತ್ರ ನೀವು ಕೂಗಬೇಡಿ."

"ಇಲ್ಲಪ್ಪ," ಎಂದ ಕಾಲಜ್ಞಾನಿ. ದನಿ ತನ್ನದೇ ಎಂದು ಅನ್ನಿಸಲಿಲ್ಲ.

ಮೂವರೂ ಗೇಟಿನ ಕಡೆ ನಡೆದರು. ಹೊರಗೆ ಬೇಲಿಗೆ ಒರಗಿ ಒಂದು ಗುಂಪು ನಿಂತಿತ್ತು. ಹುಡುಗನನ್ನು ಕಂಡದ್ದೇ ಒಬ್ಬ ಬಾಯಿಗೆ ಕೈಯೊಡ್ಡಿ ಕೂಗಿದ. ಕಾಲಜ್ಞಾನಿ ಮುಷ್ಟಿ ಬಿಗಿಯಲಿಲ್ಲ, ತಿರುಗಿ ಬೈಯಲೂ ಇಲ್ಲ. ಅಕ್ಕನ ಎಡಗಡೆ ಇದ್ದವನು ಬಲಗಡೆಗೆ ಬಂದು, ಅವಳಿಗೂ ಬೇಲಿಗೂ ನಡುವೆ ನಡೆದ. ಅಡ್ಡ ಬಂದರೆ ಕೂಗು ನಿಲ್ಲುತ್ತದೆಯೇ? ಅದು ಆತನ ತಲೆಯ ಮೇಲಿಂದ ದಾಟಿ ಆಕೆಯ ಕಿವಿಗೆ ಹೋಗುತ್ತಲೇ ಇತ್ತು. ಬಸ್ ನಿಲ್ದಾಣದವರೆಗೂ ಆತ ಹಾಗೆಯೇ ನಡೆದ.