ತಾತನ ದೀಮದ ಹಕ್ಕಿ

ಮೊನ್ನೆ ಪಕ್ಕದ ಸೈಟನ್ನು ಜೆಸಿಬಿ ತರಿಸಿ ಸಾಫು ಮಾಡಿಸುತ್ತಿದ್ದರು. ಹಾಳು ಧೂಳು ಒಳಗೆ ಬರುತ್ತದೆಂದು ಕಿಟಕಿ ಮುಚ್ಚಲು ಹೋದವಳ ಮೂಗಿಗೆ ಅರೆದುಹೋದ ಲಂಟಾನದ ಘಾಟು ಬಡಿಯಿತು. ಕೈ ಅಲ್ಲೇ ನಿಂತಿತು. ದೊಡ್ಡಬಳ್ಳಾಪುರದ ಮನೆಯಲ್ಲಿದ್ದವಳು ಮಧುರೆ ಹೋಬಳಿಯ ನಮ್ಮೂರಿನ ಕುರುಚಲು ಕಾಡಿಗೆ ಹೋಗಿಬಿಟ್ಟಿದ್ದೆ... ಪೊದೆಯ ಹಿಂದೆ ನಾನು, ಪಕ್ಕದಲ್ಲಿ ತಮ್ಮ, ಅವನ ಆಚೆಗೆ ಪಕ್ಕದ ಮನೆಯ ತಾತ.

ತಾತ ನಮಗೆ ನೆಂಟನೇನಲ್ಲ, ಗೋಡೆಗೆ ಗೋಡೆ ಅಂಟಿದ ಮನೆಯವನು; ಅಮ್ಮ ಅವನನ್ನು ಬಾಯಿತುಂಬ ಮಾವ ಎನ್ನುತ್ತಿದ್ದಳು. ಅವನ ಹತ್ತಿರ ಒಂದು ಗೌಜಲಕ್ಕಿ ಇತ್ತು. ಸಣ್ಣ ಮರಿಯಿದ್ದಾಗ ತಂದು, ಗೆದ್ದಲು ತಿನ್ನಿಸಿ, ಚಳಿಗೆ ಅಂಗಿಯೊಳಗಿಟ್ಟುಕೊಂಡು ಬೆಳೆಸಿದ್ದ. ಅದು ದೀಮದ ಹಕ್ಕಿ. ಬಿದಿರು ಗೂಡಿನೊಳಗಿಂದ ಅದು ಕೂಗಿದರೆ ಸಾಕು, ಯಾವನೋ ತಮ್ಮ ಜಾಗಕ್ಕೆ ಬಂದನೆಂದು ಕಾಡಿನ ಗೌಜಲಕ್ಕಿಗಳು ಜಗಳಕ್ಕೆ ಓಡಿಬಂದು, ಗೂಡಿನ ಸುತ್ತ ಒಡ್ಡಿದ ಉರುಲಿಗೆ ಸಿಕ್ಕಿಬೀಳುತ್ತಿದ್ದವು. ಕಾನೂನಿಗೆ ಇದು ತಪ್ಪು, ಆಗಲೂ ತಪ್ಪೇ. ಆದರೆ ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ನಮ್ಮೂರಲ್ಲಿ ಕಾನೂನು ಕೇಳುವವರು ಯಾರಿದ್ದರು? ಅವತ್ತು ಬೇಟೆ ಸಿಕ್ಕರೆ ವರ್ಷವೆಲ್ಲ ಒಳ್ಳೆಯದು ಎಂಬ ನಂಬಿಕೆ. ಮಕ್ಕಳನ್ನು ಮೊದಲ ಸಲ ಕರೆದೊಯ್ಯುತ್ತಿದ್ದುದೂ ಅವತ್ತೇ.

ತಮ್ಮನನ್ನು ಕಳಿಸಲು ಅಮ್ಮ ಸುತರಾಂ ಒಪ್ಪಿರಲಿಲ್ಲ. ಎರಡು ಕೂಸು ಕಳೆದುಕೊಂಡ ಮೇಲೆ ಹರಕೆ ಹೊತ್ತು ಪಡೆದ ಮಗ. ಅವನು ಸೀನಿದರೆ ದೃಷ್ಟಿ ತೆಗೆಯುತ್ತಿದ್ದಳು, ನಾನು ಸೀನಿದರೆ "ಮೂಗು ಒರೆಸ್ಕೊಳೇ" ಅಷ್ಟೇ! ಕೊನೆಗೆ ಅವನ ಅಳು ತಡೆಯಲಾರದೆ, "ಮಾವ, ನಿನ್ ಕೈಗೆ ಕೊಡ್ತಿದೀನಿ. ಹೆಂಗ್ ಕರ್ಕೊಂಡ್ ಹೋಗ್ತೀಯೋ ಹಂಗೇ ತಂದ್ ಬಿಡು" ಎಂದಳು. ನನ್ನನ್ನೂ ಕಾವಲಿಗೆ ಅಟ್ಟಿದಳು.

ದೀಮದ ಗೂಡನ್ನು ಎದುರಿಗಿಟ್ಟು, ನಮ್ಮನ್ನು ಪೊದೆಯ ಹಿಂದೆ ಕೂರಿಸಿ ತಾತ ಒಂದೇ ಪಾಠ ಹೇಳಿದ. ಅವನು ಅಂಗೈ ಕೆಳಗೆ ಮಾಡಿದರೆ ಕಾಡುಹಕ್ಕಿ ಬಂದಿದೆ ಎಂದರ್ಥ, ಅಲ್ಲಾಡಕೂಡದು. ದೀಮ ಕೂಗಿತು. ದೂರದಿಂದ ಇನ್ನೊಂದು ಹಕ್ಕಿ ಉತ್ತರ ಕೊಟ್ಟಿತು. ಆಮೇಲೆ ಎಲ್ಲ ಸ್ತಬ್ಧ... ಆಗ ತಾತನ ಅಂಗೈ ಮೆಲ್ಲಗೆ ಕೆಳಗಾಯಿತು.

ತಮ್ಮ ತುಟಿ ಬಿಗಿದು, ಕಣ್ಣರಳಿಸಿ ಗೂಡಿನ ಕಡೆಗೇ ನೋಡತೊಡಗಿದ. ನಾನೂ ನೋಡಿದೆ. ಅಲ್ಲಿ ಯಾವ ಹಕ್ಕಿಯೂ ಇರಲಿಲ್ಲ. ತಾತ ನೋಡುತ್ತಿದ್ದುದು ತಮ್ಮನ ಬರಿಗಾಲನ್ನು. ನನ್ನ ತೋಳಿನಷ್ಟು ದಪ್ಪದ ಕೊಳಕುಮಂಡಲ ಪೊದೆಯಿಂದ ಹೊರಬಂದು, ಆ ಕಾಲಿಗೆ ಬೆರಳಷ್ಟು ದೂರದಲ್ಲಿ ಹರಿಯುತ್ತಿತ್ತು.

ಗಂಟಲಿಗೆ ಬಂದ ಕೂಗನ್ನು ನುಂಗಿಕೊಂಡೆ. ಕೂಗಿದರೆ ಅವನು ಕಾಲೆಳೆದುಕೊಳ್ಳುತ್ತಾನೆ, ಎಳೆದುಕೊಂಡರೆ ಮುಗಿಯಿತು. ಗೂಡಿನಲ್ಲಿ ದೀಮ ಹಾವನ್ನು ಕಂಡು ರೆಕ್ಕೆ ಬಡಿದು ಕಿರುಚಿತು. ತಾತನ ಕೈಯಲ್ಲಿ ದೊಣ್ಣೆ ಇತ್ತು. ಎತ್ತಲಿಲ್ಲ. ಏಟು ತಪ್ಪಿದರೆ ಹಾವು ತಿರುಗುವುದು ತಮ್ಮನ ಕಡೆಗೇ. ಗೂಡಿನ ಹತ್ತಿರ ಬೆಕ್ಕು ಸುಳಿದರೂ ಊರು ಹಾರಿಹೋಗುವಂತೆ ಬೈಯುತ್ತಿದ್ದ ಮನುಷ್ಯ, ದೊಣ್ಣೆ ಹಿಡಿದುಕೊಂಡು, ಅಂಗೈ ಹಾಗೇ ಕೆಳಗಿಟ್ಟು ನೋಡುತ್ತಾ ಕೂತ. ಹಾವು ಗೂಡಿನ ಸಂದಿಗೆ ತಲೆ ತೂರಿಸಿದ ಮೇಲೆಯೇ ತಮ್ಮನನ್ನು ಎಳೆದು ನನ್ನ ಮಡಿಲಿಗೆ ಹಾಕಿ ಗೂಡಿನ ಕಡೆಗೆ ಓಡಿದ.

ಅಷ್ಟರಲ್ಲಿ ಹಾವು ಹಕ್ಕಿಯನ್ನು ಕಚ್ಚಿ ಪೊದೆ ಸೇರಿತು. ಹಕ್ಕಿ ತಾತನ ಅಂಗೈಯಲ್ಲಿ ಕತ್ತು ವಾಲಿಸಿತು. ತಮ್ಮ ಬಿಕ್ಕಿ ಬಿಕ್ಕಿ ಅಳುತ್ತಾ, "ಕಾಡುಹಕ್ಕಿ ಬಂತು ಅಂತ ಕೈ ತೋರ್ಸಿದ್ಯಲ್ಲ ತಾತ..." ಎಂದ.

"ನೀನ್ ಅಲ್ಲಾಡ್ಲಿಲ್ವಲ್ಲ ಮಗ, ಅಷ್ಟ್ ಸಾಕು ಬಿಡು," ಎಂದು ತಾತ ಅವನ ತಲೆ ಸವರಿದ. ಹಕ್ಕಿಯನ್ನು ಅಲ್ಲೇ ಹೂತು, ನಮ್ಮಿಬ್ಬರಿಂದ ಆಣೆ ಹಾಕಿಸಿಕೊಂಡ. "ಹಾವಿನ್ ಸುದ್ದಿ ನಿಮ್ಮವ್ವಂಗೆ ಹೇಳ್ಬ್ಯಾಡಿ. ಗೊತ್ತಾದ್ರೆ ಇವನ್ನ ಹೊಸ್ಲು ದಾಟಕ್ಕೆ ಬಿಡಾಕಿಲ್ಲ."

ಮನೆಗೆ ಬಂದು ಅಮ್ಮನಿಗೆ, "ದೀಮ ಹಾರೋಯ್ತು ಕಣವ್ವ" ಎಂದ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹಕ್ಕಿ ಹಿಡಿಯಕ್ ಹೋಗಿ ಇದ್ದಿದ್ದನ್ನೂ ಬಿಟ್ ಬಂದ್ಯಾ ಮಾವ!" ಆಮೇಲೆ ಪ್ರತಿ ಹೊಸತೊಡಕಿಗೂ ಬೀದಿಯವರೆದುರು ಅದೇ ಗೇಲಿ. ತಾತನೂ ಜೊತೆಗೆ ನಗುತ್ತಿದ್ದ. ಇನ್ನೊಂದು ಹಕ್ಕಿಯನ್ನು ಮಾತ್ರ ಸಾಕಲಿಲ್ಲ.

ತಾತ ತೀರಿಕೊಂಡ ದಿನ, ಅಷ್ಟೆತ್ತರ ಬೆಳೆದಿದ್ದ ತಮ್ಮ ಅವನ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿಬಿಟ್ಟ. ಅಮ್ಮ ಕುಸಿದು ಕೂತಳು. "ಅಯ್ಯೋ ಮಾವ, ಇಷ್ಟ್ ವರ್ಷ ನನ್ ಕೈಲಿ ನಗಿಸ್ಕೊಂಡ್ಯಲ್ಲಪ್ಪಾ... ಒಂದ್ ಮಾತ್ ಹೇಳ್ಬಾರ್ದಿತ್ತಾ!"

ಇವತ್ತು ಹೊಸತೊಡಕು. ಎಲ್ಲರೂ ನಮ್ಮ ಮನೆಗೆ ಬಂದಿದ್ದರು. ಮಟನ್ ಸಾರು, ಮುದ್ದೆಯ ಅಡುಗೆ ಆದ ಮೇಲೆ ಅಮ್ಮ ಮೊದಲ ಎಲೆಯನ್ನು ತಾತನಿಗೆಂದು ಹಾಕಿ ಎಡೆಯಿಟ್ಟಳು. ಹೋದವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ನಿಂತೆವು. ತಮ್ಮನ ಮಗಳು ಹಸಿವು ಹಸಿವು ಎಂದು ಕುಣಿಯುತ್ತಿದ್ದಳು. ತಮ್ಮ ಅವಳನ್ನು ನೋಡಿ ಅಂಗೈ ಮೆಲ್ಲಗೆ ಕೆಳಗೆ ಮಾಡಿದ. ಅವಳು ಸುಮ್ಮನಾದಳು. ನಾವೂ ಉಸಿರು ಬಿಗಿಹಿಡಿದು ಕಾದೆವು...

ಬಾಗಿಲು ತೆಗೆದಾಗ ಎಲೆ ಹಾಕಿದ ಹಾಗೇ ಇತ್ತು. "ಮಾವ ಬರ್ಲಿಲ್ಲ" ಎಂದು ಅಮ್ಮ ಅತ್ತುಬಿಟ್ಟಳು.